ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಕಾಲು ನಿಂತ ಕಡೆ

14 ಡಿಸೆಂಬರ್ 2025, ಭಾನುವಾರ
ಹೈದರಾಬಾದ್

ಕಲಬುರಗಿಯಿಂದ ಅಣ್ಣನ ಮಗಳು ಬಂದಿದ್ದಾಳೆ. ಇವತ್ತು ಅವಳನ್ನು ಕರ್ಕೊಂಡು ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿದ್ದೆ. ಭಾನುವಾರ ಅಂದ್ಮೇಲೆ ಜನಕ್ಕೇನು ಕಮ್ಮಿ! ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಜೀವನವಿಡೀ ಕೂಡಿಸಿದ್ದು, ಅದರ ಜೊತೆಗೆ ಅವರ ತಂದೆ, ತಾತ ತಂದಿಟ್ಟದ್ದು, ಎಲ್ಲ ಇಲ್ಲಿದೆ. ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಮನಸ್ಸಿಗೆ ಹಿಡಿಸಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಮುಸುಕಿನ ರೆಬೆಕಾ. ಇಟಲಿಯ ಶಿಲ್ಪಿ ಬೆಂಜೋನಿ ಮಾಡಿದ ಅಮೃತಶಿಲೆಯ ಮೂರ್ತಿ. ಮೊದಲನೇ ಸಾಲಾರ್ ಜಂಗ್, ಅಂದರೆ ಆ ತಾತ, 1876ರಲ್ಲಿ ರೋಮ್‌ನಿಂದ ತಂದದ್ದು. ತಾನು ಮದುವೆಯಾಗಬೇಕಾದ ಐಸಾಕನನ್ನು ದೂರದಿಂದ ಕಂಡ ಕೂಡಲೇ ರೆಬೆಕಾ ಮುಸುಕು ಹಾಕಿಕೊಂಡಳು ಅಂತ ಬೈಬಲಿನಲ್ಲಿದೆ. "ಅತ್ತಿ, ಇದು ಖರೇನೂ ಕಲ್ಲೇನು?" ಅಂತ ಹುಡುಗಿ ಕೇಳಿದಳು. ಕೇಳದೇ ಇರ್ತಾಳಾ? ಮುಸುಕಿನ ಒಳಗೆ ಮೂಗು, ತುಟಿ, ರೆಪ್ಪೆ ಎಲ್ಲ ಕಾಣುತ್ತದೆ, ಆದರೆ ಒಳಗೆ ಬೇರೆ ಮುಖ ಅಂತ ಏನೂ ಇಲ್ಲ. ಇರುವುದು ಒಂದೇ ಕಲ್ಲು. ಮಡಿಕೆ ಎಲ್ಲಿ ಎದ್ದಿರಬೇಕು, ಎಲ್ಲಿ ಮೈಗೆ ಅಂಟಬೇಕು ಅನ್ನುವುದರಲ್ಲೇ ಶಿಲ್ಪಿ ಮುಖವನ್ನೂ ಬಟ್ಟೆಯನ್ನೂ ಎರಡನ್ನೂ ತೋರಿಸಿದ್ದಾನೆ.

ಆ ಜೋಡಿ ಮರದ ಮೂರ್ತಿಯೂ ಚೆನ್ನಾಗಿದೆ. ಇಬ್ಬರೂ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದವರು: ಎದುರಿಗೆ ಎದೆ ಸೆಟೆಸಿ ನಿಂತ ಸೈತಾನ ಮೆಫಿಸ್ಟಾಫಿಲಿಸ್, ಹಿಂದಿನ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿದ ಮುಗ್ಧ ಹುಡುಗಿ ಮಾರ್ಗರೆಟಾ, ಒಂದೇ ದಿಮ್ಮಿಯಲ್ಲಿ. ಗಡಿಯಾರದ ಮುಂದೆ ಮಾತ್ರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಗಡ್ಡದ ಪುಟ್ಟ ಗೊಂಬೆ ಹೊರಬಂದು ಗಂಟೆ ಹೊಡೆಯಿತು, ಮಕ್ಕಳೆಲ್ಲ ಕೂಗಿದರು, ನಾವು ಮುಂದೆ ಹೋದೆವು.

ನನ್ನ ಕಾಲು ನಿಜವಾಗಿ ನಿಂತದ್ದು ಬಿದ್ರಿ ಸಾಮಾನುಗಳ ಹತ್ತಿರ. ಅಲ್ಲೊಂದು ಹುಕ್ಕಾದ ಬುಡ. ಕಪ್ಪು ಮೈಮೇಲೆ ಸುತ್ತಲೂ ಬೆಳ್ಳಿಯ ಹೂಗಿಡಗಳು. ಬಗ್ಗಿ ಹತ್ತಿರದಿಂದ ನೋಡಿದರೆ ಎಸಳು ಅಗಲವಾದ ತಗಡು, ದಂಟು ಬರೀ ತಂತಿ, ಎರಡೂ ಸೇರುವ ಕಡೆ ಒಂದು ಸಂದು ಕೂಡ ಕಾಣದು. ಹಿಂದೊಮ್ಮೆ ಬೀದರ್‌ನಲ್ಲಿ ಈ ಕೆಲಸ ನೋಡಿದ್ದರಿಂದ ನನಗೆ ಇನ್ನೂ ಆಶ್ಚರ್ಯ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ, ಗೀರಿದ ಗೆರೆ ಎದ್ದು ಕಾಣಲಿ ಅಂತ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಆಮೇಲೆ ಅಚ್ಚುಗಿಚ್ಚು ಏನೂ ಇಲ್ಲದೆ ಬರೀ ಕೈಯಲ್ಲಿ ಚಿತ್ರ ಗೀರಿ, ಉಳಿಯಿಂದ ಕೊರೆದು, ಆ ಕೊರೆದ ಜಾಗಕ್ಕೆ ಬೆಳ್ಳಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಉಜ್ಜಿದಾಗ ಬೆಳ್ಳಿ, ಸತು ಎರಡೂ ಹೆಚ್ಚುಕಮ್ಮಿ ಒಂದೇ ಬಣ್ಣ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನುವ ಉಪ್ಪು ಹಾಕಿದ ಬಿಸಿ ನೀರು ತಾಗಿದ ಮೇಲೆ ಸತು ಮಾತ್ರ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇಷ್ಟನ್ನೂ ಹುಡುಗಿಗೆ ಅಲ್ಲೇ ನಿಂತು ಹೇಳಿದೆ.

ನನಗೆ ಒಂದೇ ಬೇಜಾರು. ರೆಬೆಕಾಳನ್ನು ಕಡೆದವನು ಯಾರು ಅಂತ ನಮಗೆ ಗೊತ್ತು. ಆದರೆ ಆ ಕಾಲದ ಬಿದ್ರಿ ಕೆಲಸಗಾರರು ಸಾಮಾನ್ಯವಾಗಿ ಹೆಸರು ಕೆತ್ತುತ್ತಿರಲಿಲ್ಲ, ಹಾಗಾಗಿ ಊರಿನ ಹೆಸರೊಂದೇ ಉಳಿಯಿತು. ಕೈಚಳಕದಲ್ಲಿ ಇವರೇನು ಬೆಂಜೋನಿಗಿಂತ ಕಡಿಮೆಯಾ? ನನ್ನನ್ನು ಕೇಳಿದರೆ ಖಂಡಿತ ಅಲ್ಲ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಅದಕ್ಕೇ ಅಷ್ಟೊಂದು ಖುಷಿಯಾಗಿತ್ತು.

ಜೇಡ್ ಕಲ್ಲಿನ ಸಾಮಾನುಗಳನ್ನು, ಜಹಾಂಗೀರನ ಕಠಾರಿಯನ್ನು, ಓಡೋಡಿ ನೋಡಿದ್ದಾಯಿತು. ಬಿದ್ರಿಯಲ್ಲಿ ಕೊನೆಗೆ ಮಣ್ಣಿನಿಂದ ಕಪ್ಪಾಗಿಸುವ ಆ ಹಂತವನ್ನು ಮಾತ್ರ ನಾನೂ ಕಣ್ಣಾರೆ ನೋಡಿಲ್ಲ. ರಜೆಯಲ್ಲಿ ಇವಳನ್ನು ಬೀದರ್‌ಗೆ ಕರ್ಕೊಂಡು ಹೋಗಿ ತೋರಿಸಬೇಕು, ಅಣ್ಣನಿಗೆ ಈಗಲೇ ಫೋನ್ ಮಾಡಿ ಹೇಳಿದ್ದೇನೆ.