ಇನ್ನೂ ದೂರದಲ್ಲಿರುವಾಗಲೇ

ಶಾಲೆಯ ಪತ್ರಿಕೆಗೆ ಹಳೆಯ ನೆನಪು ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಚೀಟಿ. ಎರಡು ಬೆರಳಗಲದ ಚೀಟಿ. ಅದರ ತುಂಬಾ ಗಣಿತದ ಸೂತ್ರಗಳು, ನನ್ನದೇ ಕೈಬರಹ.

ಆಗ 9ನೇ ಕ್ಲಾಸು. ಪರೀಕ್ಷೆ ನಡೆಯುತ್ತಿತ್ತು. ಮೇಲ್ವಿಚಾರಕರು ನಮ್ಮ ಸಾಲಿನ ಕಡೆ ಬಂದರು. ಭಯಕ್ಕೆ ಚೀಟಿ ಕೈಬಿಟ್ಟೆ. ಅದು ಹೋಗಿ ಮುಂದೆ ಕೂತಿದ್ದ ಗೆಳೆಯನ ಕಾಲ ಹತ್ತಿರ ಬಿತ್ತು. ದಿನಾ ನನ್ನ ಪಕ್ಕದಲ್ಲೇ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನು ಅವನು. "ನನ್ನದಲ್ಲ ಸರ್" ಎಂದ. ಯಾರದ್ದು ಅಂತ ನನ್ನನ್ನೂ ಕೇಳಿದರು. "ನನಗೆ ಗೊತ್ತಿಲ್ಲ ಸರ್" ಎಂದೆ. ಅವನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದರು.

ಎರಡು ದಿನಕ್ಕೆ ಅವನ ಶಿಕ್ಷೆ ರದ್ದಾಯಿತು. ನಮಗೆ ಬೈಬಲ್ ತರಗತಿ ತೆಗೆದುಕೊಳ್ಳುತ್ತಿದ್ದ ಸರ್ ಆ ಚೀಟಿ ನೋಡಿ, ಇದು ಆ ಹುಡುಗನ ಅಕ್ಷರವೇ ಅಲ್ಲ ಎಂದು ಹೇಳಿದರಂತೆ. ಹಾಗಾದರೆ ಯಾರದ್ದು ಅಂತ ಯಾರೂ ಮುಂದಕ್ಕೆ ಕೇಳಲಿಲ್ಲ. ನಾನು ಬಚಾವಾದೆ ಅಂದುಕೊಂಡೆ. ಆದರೆ ಶಿಕ್ಷೆ ಹೋದರೂ ಹೆಸರು ಹೋಗಲಿಲ್ಲ. ಹುಡುಗರು ಅವನನ್ನು 'ಚೀಟಿ' ಅಂತಲೇ ಕರೆಯತೊಡಗಿದರು. ಅವನು ಮಾತು ಕಡಿಮೆ ಮಾಡಿದ. ನಾನು ಪಕ್ಕದಲ್ಲೇ ಕೂತು ಸುಮ್ನೆ ಇದ್ದೆ.

ಆ ತಿಂಗಳು ಸರ್ ಲೂಕನ ಸುವಾರ್ತೆಯ 15ನೇ ಅಧ್ಯಾಯ ಶುರು ಮಾಡಿದರು. 100 ಕುರಿಗಳಲ್ಲಿ ತಪ್ಪಿಹೋದ ಒಂದು ಕುರಿ. 10 ಬೆಳ್ಳಿ ನಾಣ್ಯಗಳಲ್ಲಿ ಕಳೆದುಹೋದ ಒಂದು ನಾಣ್ಯ. ಆಮೇಲೆ ಇಬ್ಬರು ಗಂಡುಮಕ್ಕಳು. ಮೊದಲೆರಡು ಕಥೆ ಬೇಗ ಮುಗಿಸಿ ಮೂರನೆಯದಕ್ಕೆ ವಾರಗಟ್ಟಲೆ ತೆಗೆದುಕೊಂಡರು.

ಅಪ್ಪನಿಂದ ತನ್ನ ಪಾಲು ಕೇಳಿ ಪಡೆದು ದೂರದೇಶಕ್ಕೆ ಹೋಗಿ, ಆ ಆಸ್ತಿಯನ್ನೆಲ್ಲಾ ಕಳೆದುಕೊಂಡು, ಹಂದಿ ಮೇಯಿಸುತ್ತಾ ಹಸಿದು ಕೂತ ಕಿರಿಯ ಮಗ, ಅಪ್ಪನಿಗೆ ಏನು ಹೇಳಬೇಕು ಅಂತ ಮೊದಲೇ ಮಾತು ಜೋಡಿಸಿಕೊಳ್ಳುತ್ತಾನೆ. ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ ಎಂದು. ಸರ್ ನಮಗೆ 19ನೇ ವಚನ, 21ನೇ ವಚನ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಲು ಹೇಳಿದರು. "ಅವನು ಮನಸ್ಸಿನಲ್ಲಿ ಅಂದುಕೊಂಡದ್ದು ಒಂದು, ಬಾಯಲ್ಲಿ ಹೇಳಿದ್ದು ಒಂದು. ಏನು ಬಿಟ್ಟುಹೋಗಿದೆ, ಹುಡುಕಿ."

ಹುಡುಕಿದೆವು. ಕೂಲಿಯಾಳಿನ ಮಾತು ಬಿಟ್ಟುಹೋಗಿತ್ತು. ಅಷ್ಟು ಹೇಳುವ ಹೊತ್ತಿಗೆ ಅಪ್ಪ ಆಗಲೇ ಆಳುಗಳಿಗೆ ಕೂಗಿ, ಒಳ್ಳೆಯ ಅಂಗಿ ತನ್ನಿ, ಉಂಗುರ ತೊಡಿಸಿ, ಕಾಲಿಗೆ ಜೋಡು ಮೆಡಿಸಿ ಅನ್ನುತ್ತಿದ್ದಾನೆ. "ಅದಕ್ಕೂ ಮೊದಲೇ ನೋಡ್ರೋ," ಎಂದರು ಸರ್, "ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡ, ಓಡಿಬಂದ, ತಬ್ಬಿಕೊಂಡ. ಮಗ ಆಗ ಬಾಯೇ ಬಿಟ್ಟಿರಲಿಲ್ಲ. ಕ್ಷಮೆ ಕೇಳಿದ ಮೇಲೆ ಹುಟ್ಟಿದ ಪ್ರೀತಿ ಅಲ್ಲ ಅದು." ಈಗ ಎಷ್ಟೋ ಉಪದೇಶ ಕೇಳಿದ್ದೇನೆ. ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಇನ್ನೆಲ್ಲೂ ಕೇಳಿಲ್ಲ.

ಪದಗಳ ಮೇಲೆ ಅವರಿಗೆ ತುಂಬಾ ಪ್ರೀತಿ. ಪಶ್ಚಾತ್ತಾಪ ಅಂದರೆ ಆಮೇಲೆ ಸುಡುವ ಬೇಗೆ. ಗ್ರೀಕಿನ 'ಮೆತನೊಯಾ' ಅಂದರೆ ಮನಸ್ಸೇ ಬದಲಾಗುವುದು. ಹೀಬ್ರೂವಿನ 'ಶೂವ್' ಅಂದರೆ ತಿರುಗಿ ಬರುವುದು. "ಸುಟ್ಟುಕೊಂಡು ಅಲ್ಲೇ ಕೂತುಬಿಡಬಹುದು. ತಿರುಗಿ ಬರೋಕೆ ಕಾಲು ಎತ್ತಿಡಬೇಕು" ಎನ್ನುತ್ತಿದ್ದರು. ಸುಟ್ಟುಕೊಂಡು ಕೂತವನು ನಾನೇ ಆಗಿದ್ದೆ. ರಾತ್ರಿ ಅಳುತ್ತಿದ್ದೆ, ಬೆಳಗ್ಗೆ ಎದ್ದು ಸುಮ್ಮನಾಗುತ್ತಿದ್ದೆ.

ಮುಂದಿನ ಪಾಠ ಯೇಸುವಿನ ಶಿಷ್ಯ ಪೇತ್ರನದು. ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರ ಮೂರು ಸಲ ಯೇಸುವನ್ನು ಅಲ್ಲಗಳೆಯುತ್ತಾನೆ. ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅನ್ನುತ್ತಾನೆ. ಆ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. ನಾನು ಹೇಳಿದ್ದೂ ಅದೇ ಅಲ್ವಾ? ಅಲ್ಲಿ ಉರಿಯುತ್ತಿದ್ದದ್ದು ಇದ್ದಲಿನ ಬೆಂಕಿ. ಪುನರುತ್ಥಾನದ ನಂತರ ಕೆರೆಯ ದಡದಲ್ಲಿ ಯೇಸು ಮೀನು ಸುಡುತ್ತಾ ಪೇತ್ರನಿಗಾಗಿ ಕಾದದ್ದೂ ಇದ್ದಲಿನ ಬೆಂಕಿಯ ಹತ್ತಿರ. ಯೋಹಾನನ ಸುವಾರ್ತೆಯ 18 ಮತ್ತು 21ನೇ ಅಧ್ಯಾಯಗಳಲ್ಲಿ, ಈ ಎರಡೇ ಕಡೆ, ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 'ಇದ್ದಲಿನ ಬೆಂಕಿ' ಅನ್ನುವ ಆ ಪದ ಬರುತ್ತದೆ. ಅಲ್ಲಿ ಮೂರು ಸಲ ಇಲ್ಲ ಅಂದವನನ್ನು ಇಲ್ಲಿ ಮೂರು ಸಲ ಕೇಳುತ್ತಾರೆ: ನನ್ನನ್ನು ಪ್ರೀತಿಸುತ್ತೀಯಾ? ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳುವುದಿಲ್ಲ. ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸ ಒಪ್ಪಿಸುತ್ತಾರೆ.

ಹಣಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಗ್ಗೆ ಸರ್ ತುಂಬಾ ಮೆಲ್ಲಗೆ ಮಾತಾಡಿದರು. ಅವನಿಗೂ ದುಃಖವಾಗಿತ್ತು. 30 ಬೆಳ್ಳಿ ನಾಣ್ಯಗಳನ್ನು ವಾಪಸ್ ಕೊಡಲು ಹೋಗಿದ್ದ, ಪಾಪ ಮಾಡಿದೆ ಅಂತ ಒಪ್ಪಿಕೊಂಡಿದ್ದ. ಆದರೆ ಯೇಸುವಿನ ಹತ್ತಿರ ಬರಲಿಲ್ಲ. "ಬಂದಿದ್ದರೆ" ಎಂದವರು ಮುಂದೆ ಏನೂ ಹೇಳದೆ ಪುಸ್ತಕ ಮುಚ್ಚಿದರು.

ಅವತ್ತು ಸಂಜೆ ಅವರ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತು, "ಸರ್, ಆ ಚೀಟಿ..." ಎಂದೆ. "ಒಳಗೆ ಬಾ" ಎಂದರು. ನನ್ನ ಅಕ್ಷರ ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತಂತೆ. ಅಷ್ಟು ದಿನವೂ ತರಗತಿಯಲ್ಲಿ ವಾಕ್ಯ ಓದಲು ನನ್ನನ್ನೇ ಎಬ್ಬಿಸಿದ್ದರು. ಒಂದು ದಿನವೂ ಮುಖ ಸಣ್ಣ ಮಾಡಿರಲಿಲ್ಲ. ಅದು ಗೊತ್ತಾದ ಮೇಲೆ ನಾನು ಜಾಸ್ತಿ ಅತ್ತೆ.

ಅಳು ನಿಂತ ಮೇಲೆ ಅವರು ಕೇಳಿದ್ದು ಒಂದೇ: "ದೇವರು ನಿನ್ನನ್ನು ಕ್ಷಮಿಸ್ತಾನೆ ಕಣೋ, ಅದರಲ್ಲಿ ಅನುಮಾನ ಬೇಡ. ನಿನ್ನ ಗೆಳೆಯನಿಗೆ ಏನು ವಾಪಸ್ ಕೊಡ್ತೀಯ?" ಜಕ್ಕಾಯನನ್ನು ನೆನಪಿಸಿದರು. ಯೇಸು ತನ್ನ ಮನೆಗೆ ಬಂದ ಸಂತೋಷದಲ್ಲಿ ಆ ಸುಂಕದವನು, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದಿದ್ದ. ಯೇಸು ಕೇಳಿದ್ದಕ್ಕೆ ಅಲ್ಲ, ಅವನಾಗಿಯೇ. ನಾನು ತೆಗೆದುಕೊಂಡದ್ದು ಗೆಳೆಯನ ಹೆಸರು. ಅದನ್ನು ಎಲ್ಲರೆದುರೇ ವಾಪಸ್ ಕೊಡಬೇಕಿತ್ತು.

ಮರುದಿನ ಮೊದಲ ಪೀರಿಯಡ್ಡಿನಲ್ಲಿ ಎದ್ದು ನಿಂತು ಹೇಳಿದೆ. ಕಾಲು ನಡುಗುತ್ತಿತ್ತು. ಇಡೀ ಕ್ಲಾಸು ಸ್ತಬ್ಧವಾಯಿತು. ಗೆಳೆಯ ನನ್ನ ಕಡೆ ನೋಡಲೇ ಇಲ್ಲ. ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತ. ನನಗೆ ಗಣಿತದಲ್ಲಿ ಸೊನ್ನೆ ಬಂತು. ಸೊನ್ನೆಗಿಂತ ಆ ಖಾಲಿ ಜಾಗ ಜಾಸ್ತಿ ನೋಯಿಸಿತು.

ಸರ್ ಹತ್ತಿರ ಹೋಗಿ, ಅವನು ಕ್ಷಮಿಸಲಿಲ್ಲ ಎಂದೆ. "ಕಥೆಯಲ್ಲಿ ಅಣ್ಣನೂ ಇದ್ದಾನಲ್ಲಪ್ಪಾ. ತಮ್ಮನನ್ನು ಸೇರಿಸಿಕೊಂಡರಲ್ಲ ಅಂತ ಕೋಪದಲ್ಲಿ ಹೊರಗೇ ನಿಂತಿದ್ದ. ಅವನನ್ನು ಬೇಡಿಕೊಳ್ಳೋಕೂ ಅಪ್ಪನೇ ಹೊರಗೆ ಬಂದ" ಎಂದರು. "ಆಮೇಲೆ ಒಳಗೆ ಹೋದನಾ ಸರ್?" ಎಂದೆ. "ಲೂಕ ಅದನ್ನು ಬರೆದಿಲ್ಲ. ನೀನು ಅವಸರ ಮಾಡಬೇಡ."

ನಾನು ಅವಸರ ಮಾಡಲಿಲ್ಲ. ದಿನಾ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿದೆ. ಬೆಂಚಿನಲ್ಲಿ ಅವನ ಜಾಗಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ. ಹಾಗೇ ಕೆಲವು ತಿಂಗಳು ಕಳೆದವು.

ವಾರ್ಷಿಕ ಪರೀಕ್ಷೆಗೆ ಕೆಲವೇ ದಿನ ಇರುವಾಗ, ಬೆಳಗ್ಗೆ ನಾನು ತಲೆತಗ್ಗಿಸಿ ಏನೋ ಓದುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತರು. ಬೆಂಚಿನ ಮೇಲೆ ಧಪ್ ಅಂತ ಚೀಲ ಬಿತ್ತು.

"ಆ ಕಡೆ ಸರಿಯೋ" ಎಂದ.