ಡಿಕ್ಕಿ ಲೈಟಿನ ಸ್ವಿಚ್: ಎಲ್ಲಿರುತ್ತೆ, ಮಳೆಗಾಲದಲ್ಲಿ ಯಾಕೆ ಕೈಕೊಡುತ್ತೆ

ಡಿಕ್ಕಿ ಲೈಟು ಉರಿಯದಿದ್ದರೆ ಕತ್ತಲಲ್ಲಿ ತಡಕಾಡಬೇಕು, ಅಷ್ಟೇ. ಬಾಗಿಲು ಹಾಕಿದ ಮೇಲೂ ಅದು ಆರದಿದ್ದರೆ ಬ್ಯಾಟರಿಯೇ ಮಲಗುತ್ತೆ. 5 ವ್ಯಾಟ್ ಬಲ್ಬು ದಿನಕ್ಕೆ ಹತ್ತಿರ ಹತ್ತಿರ 10 ಆಂಪಿಯರ್-ಅವರ್ ಕುಡಿಯುತ್ತೆ, ಚಿಕ್ಕ ಕಾರಿನ ಬ್ಯಾಟರಿ ಇರುವುದೇ 35. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದು ಕಾರು ಮೂರು ದಿನ ಶೆಡ್ಡಿನಲ್ಲೇ ನಿಂತರೆ ನಾಲ್ಕನೇ ದಿನ ಸೆಲ್ಫ್ ಎತ್ತುವುದಿಲ್ಲ. ಹೊಸ ಬ್ಯಾಟರಿ ತರುವ ಮೊದಲು, ಫೋನಿನಲ್ಲಿ ವಿಡಿಯೊ ಹಚ್ಚಿ ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿ ನೋಡಿ. ಲೈಟು ಆರಿತೋ ಇಲ್ಲವೋ ಗೊತ್ತಾಗುತ್ತೆ.

ಹಳೆಯ ಕಾರುಗಳಲ್ಲಿ ಸ್ವಿಚ್ಚು ಡಿಕ್ಕಿಯ ಅಂಚಿನಲ್ಲಿ ಒಂದೇ ಸ್ಕ್ರೂ ಮೇಲೆ ಕೂತ ಒತ್ತುಗುಂಡಿ. ಈಚಿನ ಬಹಳಷ್ಟು ಕಾರುಗಳಲ್ಲಿ ಅದು ಲಾಕಿನೊಳಗೇ ಸೇರಿಕೊಂಡಿದೆ, ಹೊರಗೆ ಹುಡುಕಿದರೆ ಸಿಗುವುದಿಲ್ಲ. ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ. ಎರಡು ಸಲ 'ಟಕ್' ಎಂದ ಮೇಲೆ ಲೈಟು ಆರಬೇಕು. ಆಮೇಲೆ ಹಿಡಿ ಎಳೆದು ಕೊಂಡಿ ಬಿಡಿಸಲೇಬೇಕು. ಮರೆತು ಬಾಗಿಲು ಬಡಿದರೆ ಲಾಕೇ ಮುರಿಯುತ್ತೆ.

ಉರಿಯದ ಲೈಟಿಗೆ ಮೊದಲು ದೀಪದ ಮೇಲಿರುವ ಪುಟ್ಟ ಆನ್-ಆಫ್ ಗುಂಡಿ, ಆಮೇಲೆ ಬಲ್ಬು, ಫ್ಯೂಸು ನೋಡಿ. ರೂಮ್ ಲೈಟಿಗೂ ಅದೇ ಫ್ಯೂಸ್ ಇದ್ದು ಅದು ಉರಿಯುತ್ತಿದ್ದರೆ ಫ್ಯೂಸಿನ ಚಿಂತೆ ಬಿಡಿ. ಎಲ್ಇಡಿ ಹಾಕಿದ್ದರೆ ತಿರುಗಿಸಿ ಹಾಕಿ ನೋಡಿ, ಉಲ್ಟಾ ಕೂತರೆ ಅದು ಹತ್ತುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೆ ನಮ್ಮ ಮಲೆನಾಡಿನಲ್ಲಿ ಮೊದಲ ಅನುಮಾನ ಅರ್ಥಿನ ಮೇಲೆ, ಅಂದರೆ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಹೋಗುವ ದಾರಿಯ ಮೇಲೆ. ಎಷ್ಟೋ ಕಾರುಗಳಲ್ಲಿ ಬಲ್ಬಿಗೆ 12 ವೋಲ್ಟ್ ಸದಾ ಬಂದಿರುತ್ತೆ, ಸ್ವಿಚ್ಚು ಸೇರಿಸುವುದು ಅರ್ಥನ್ನು ಮಾತ್ರ. ಒಂದೇ ವೈರಿನ ಒತ್ತುಗುಂಡಿಗೆ ಆ ಅರ್ಥ್ ಸಿಗುವುದು ಸ್ಕ್ರೂ ಮೂಲಕ. ಅಲ್ಲಿ ತುಕ್ಕು ಹಿಡಿದರೆ ಸ್ವಿಚ್ಚು ಚೆನ್ನಾಗಿದ್ದೂ ಲೈಟಿಲ್ಲ. ಸ್ಕ್ರೂ ಬಿಚ್ಚಿ, ತಗಡನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮತ್ತೆ ಬಿಗಿದು, ಮೇಲೆ ಚೂರು ಗ್ರೀಸ್ ಸವರಿ. ವೈರು ಕಳಚುವ ಮುಂಚೆ ಅದಕ್ಕೊಂದು ದಾರ ಕಟ್ಟಿ. ಬಾಡಿಯ ತೂತಿನೊಳಗೆ ಜಾರಿತೆಂದರೆ ಅರ್ಧ ದಿನದ ಕೆಲಸ.

ಸ್ವಿಚ್ಚನ್ನೇ ಪರೀಕ್ಷಿಸಲು ವೈರು ಕಳಚಿ, ಮಲ್ಟಿಮೀಟರನ್ನು ಬೀಪ್ (ಕಂಟಿನ್ಯುಟಿ) ಗುರುತಿಗೆ ತಿರುಗಿಸಿ ಸ್ವಿಚ್ಚಿನ ಪಿನ್ನಿಗೂ ಬಾಡಿಗೂ ಇಟ್ಟರೆ ಗುಂಡಿ ಬಿಟ್ಟಾಗ ಬೀಪ್ ಬರಬೇಕು, ಒತ್ತಿದಾಗ ನಿಲ್ಲಬೇಕು. ಲಾಕಿನೊಳಗಿನದಕ್ಕೆ ಕಪ್ಲರ್ (ವೈರು ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್) ಕಳಚಿ ಲಾಕಿನ ಕಡೆಯ ಎರಡು ಪಿನ್ ನೋಡಿ. ವೈರಿನ ಕಡೆ ಪಿನ್ನುಗಳನ್ನು ಬರಿ ತಂತಿಯಿಂದ ಸೇರಿಸಬೇಡಿ. ನೇರ ಸಪ್ಲೈ ಇದ್ದರೆ ಫ್ಯೂಸ್ ಹಾರುತ್ತೆ.

ಸ್ವಿಚ್ಚು ಸರಿಯಿದ್ದೂ ಬಾಗಿಲು ಎತ್ತಿದಂತೆ ಲೈಟು ಮಿಣುಕಿದರೆ, ಕೀಲಿನ ಹತ್ತಿರದ ರಬ್ಬರ್ ಕೊಳವೆ ಹಿಂದಕ್ಕೆ ಸರಿಸಿ. ಸಾವಿರಾರು ಸಲ ಮಡಚಿ ವೈರು ಒಳಗೇ ತುಂಡಾಗಿರುತ್ತೆ, ಹೊರಗಿನ ಪ್ಲಾಸ್ಟಿಕ್ಕು ಮಾತ್ರ ಇಡಿಯಾಗಿ ಕಾಣುತ್ತೆ. ಬರೀ ಟೇಪ್ ಸುತ್ತಿದರೆ ಆ ಜಾಗದಲ್ಲಿ ತಿಂಗಳೂ ಬಾಳದು. ಎರಡಿಂಚು ಹೊಸ ವೈರು ಸೇರಿಸಿ ಬೆಸುಗೆ ಹಾಕಿಸಿ, ಬೆಸುಗೆ ಮಡಚುವ ಜಾಗದಿಂದ ಆಚೆ ಬರಲಿ.

ಇನ್ನು ಆರದ ಲೈಟಿಗೆ ಹೆಚ್ಚಾಗಿ ಕಾರಣ ಗುಂಡಿಯ ರಬ್ಬರ್ ಟೊಪ್ಪಿ ಸವೆದು ಬಾಗಿಲು ಪೂರ್ತಿ ಒತ್ತದಿರುವುದು, ಇಲ್ಲವೇ ಲಾಕಿನೊಳಗೆ ನೀರಿಳಿದು ಕಾಂಟ್ಯಾಕ್ಟ್ ಕಚ್ಚಿಕೊಂಡಿರುವುದು. ಎರಡನೆಯದಾದರೆ ಟೇಲ್ ಲ್ಯಾಂಪಿನ ಗ್ಯಾಸ್ಕೆಟ್ಟನ್ನೂ ಬಾಗಿಲಿನ ರಬ್ಬರ್ ಬೀಡಿಂಗನ್ನೂ ನೋಡದೆ ಹೊಸ ಲಾಕ್ ಹಾಕಿಸಬೇಡಿ. ರಿಪೇರಿ ಆಗುವವರೆಗೆ ಬಲ್ಬು ಕಿತ್ತಿಡಿ.