ಆಟದ ಅಂಗಳ ಮಾಡುತ್ತಾ ಸ್ಕೆಚ್‌ಅಪ್ ಕಲಿಯಿರಿ

"ಸ್ಕೆಚ್‌ಅಪ್ ಕಲಿಯೋಕೆ ಯಾವ ಕೋರ್ಸ್ ಸೇರಬೇಕು ಮೇಡಂ?"

ಸ್ಕೆಚ್‌ಅಪ್ ಅಂದರೆ ಕಂಪ್ಯೂಟರ್‌ನಲ್ಲಿ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್. ಹಾಸನದಲ್ಲಿ ಡಿಪ್ಲೊಮಾ ಓದುವ ಹುಡುಗರು ಇದನ್ನು ಕೇಳುತ್ತಾರೆ. ಮನೆಯಲ್ಲೇ ಕೂತು ಡ್ರಾಯಿಂಗ್ ಕೆಲಸ ಹಿಡಿಯಬೇಕು ಅಂತಿರುವ ಹೆಣ್ಣುಮಕ್ಕಳು ಕೇಳುತ್ತಾರೆ. ಒಂದು ಶಾಲೆಯ ಹಿಂದಿನ ಖಾಲಿ ಜಾಗಕ್ಕೆ ಆಟದ ಅಂಗಳ ಮಾಡಿಕೊಡುತ್ತಾ ನಾನು ಇದನ್ನು ಕಲಿತೆ ಅಂತ ಗೊತ್ತಾದ ಮೇಲಂತೂ ಜಾಸ್ತಿ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಕೋರ್ಸ್ ಆಮೇಲೆ ನೋಡೋಣ, ಮೊದಲು ಒಂದು ನಿಜವಾದ ಜಾಗ ಹುಡುಕಿಕೊಳ್ಳಿ. ಅದು ಮಕ್ಕಳು ಆಡುವ ಜಾಗವಾದರೆ ಇನ್ನೂ ಒಳ್ಳೇದು.

ಎಲ್ಲರೂ ಮನೆ ಮಾಡೆಲ್ ಮಾಡಿ ಶುರು ಮಾಡುತ್ತಾರೆ. ಆಯತ ಬರೆದು ಪುಶ್-ಪುಲ್ ಅನ್ನೋ ಟೂಲ್‌ನಲ್ಲಿ ಮೇಲೆಳೆದರೆ ಗೋಡೆ, ಗೋಡೆ ಮೇಲೆ ಇನ್ನೊಂದು ಆಯತ ಬರೆದು ಒಳಗೆ ತಳ್ಳಿದರೆ ಬಾಗಿಲು. ಖುಷಿಯಾಗುತ್ತದೆ, ಆದರೆ ಕಲಿಕೆ ಅಲ್ಲೇ ನಿಂತುಬಿಡುತ್ತದೆ. ಆಟದ ಅಂಗಳದಲ್ಲಿ ಹಾಗಾಗಲ್ಲ. ಅಲ್ಲಿ ಇಳಿಜಾರು ಇದೆ, ಬಾಗಿದ ಪೈಪ್ ಇದೆ, ಮರ ಇದೆ, ಬಿಸಿಲಿದೆ, ಮೂರೂವರೆ ಅಡಿ ಎತ್ತರದ ಮಗು ಇದೆ. ಒಂದೊಂದಕ್ಕೂ ಬೇರೆ ಬೇರೆ ಟೂಲ್ ಬೇಕು. ಬೇಕಾದಾಗ ಹುಡುಕಿ ಕಲಿತ ಟೂಲ್ ಮರೆಯೋದಿಲ್ಲ.

ಮೊದಲು ನೆಲ. ನಮ್ಮ ಕಡೆ ಸಮತಟ್ಟಾದ ಜಾಗ ಸಿಗೋದು ಕಷ್ಟ, ಸಕಲೇಶಪುರದ ಕಡೆ ಹೋದರೆ ಕೇಳಲೇಬೇಡಿ. ಗಾರೆ ಕೆಲಸದವರು ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡುತ್ತಾರಲ್ಲ, ಹಾಗೇ ನಾಲ್ಕು ಮೂಲೆಯ ಎತ್ತರ ಬರೆದುಕೊಳ್ಳಿ. ಅದನ್ನು ಮಾಡೆಲ್‌ನಲ್ಲಿ ಗುರುತು ಮಾಡಿ ಗೆರೆ ಸೇರಿಸಿದರೆ ನಡುವಿನ ಮೇಲ್ಮೈ, ಅಂದರೆ ಮುಖ, ತುಂಬಿಕೊಳ್ಳೋದೇ ಇಲ್ಲ. ಸ್ಕೆಚ್‌ಅಪ್‌ನಲ್ಲಿ ಪ್ರತಿ ಮುಖವೂ ಚಪ್ಪಟೆಯಾಗಿರಲೇಬೇಕು. ಮೂಲೆಗಳು ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಅದು ಒಪ್ಪಲ್ಲ. ಮೂಲೆಯಿಂದ ಎದುರು ಮೂಲೆಗೆ ಒಂದು ಗೆರೆ ಎಳೆಯಿರಿ, ಎರಡು ತ್ರಿಕೋನವಾಗಿ ತಟ್ಟನೆ ತುಂಬಿಕೊಳ್ಳುತ್ತದೆ. 3ಡಿ ಮಾಡೆಲಿಂಗ್‌ನ ಅರ್ಧ ಗುಟ್ಟು ಈ ತ್ರಿಕೋನದಲ್ಲೇ ಇದೆ. ಜೊತೆಗೆ ತಗ್ಗಿನ ಮೂಲೆ ಯಾವುದು ಅಂತಲೂ ಗೊತ್ತಾಯಿತು. ಜೂನ್‌ನಲ್ಲಿ ಮಳೆ ಹಿಡಿದರೆ ನೀರು ನಿಲ್ಲೋದು ಅಲ್ಲೇ. ಮರಳಿನ ಗುಂಡಿ, ಜಾರುಬಂಡೆಯ ಕೊನೆ ಅಲ್ಲಿ ಬರಬಾರದು.

ಜಾರುಬಂಡೆ ಎಷ್ಟು ಜಾಗ ತಿನ್ನುತ್ತದೆ ಅನ್ನೋದು ಬಿಡಿಸುವವರೆಗೂ ಯಾರಿಗೂ ಅಂದಾಜಿರಲ್ಲ. ಸಾರ್ವಜನಿಕ ಆಟದ ಜಾಗಗಳಿಗೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ ಒಂದಿದೆ, ನಾನು ಅಳತೆಗೆ ಅದನ್ನೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅದರ ಪ್ರಕಾರ ಜಾರುವ ಭಾಗದ ಸರಾಸರಿ ಇಳಿಜಾರು 30 ಡಿಗ್ರಿ ಮೀರಬಾರದು, ಸುತ್ತ 6 ಅಡಿ ಖಾಲಿ ಇರಬೇಕು. ನಾಲ್ಕಡಿ ಎತ್ತರದ ಚಿಕ್ಕ ಜಾರುಬಂಡೆಯನ್ನೇ ತಗೊಳ್ಳಿ. ಜಾರಲು ನೆಲದ ಮೇಲೆ ಸುಮಾರು 7 ಅಡಿ ಉದ್ದ, ಕೆಳಗೆ ಒಂದಡಿ ಸಮತಟ್ಟು, ಮೇಲೆ ಮೂರಡಿ ಅಟ್ಟ, ಏಣಿಗೆ ಎರಡಡಿ. ಎರಡೂ ತುದಿಗೆ ಆರಾರು ಅಡಿ ಸೇರಿಸಿದರೆ 25 ಅಡಿ! ಬೀಳುವ ಜಾಗಕ್ಕೆ ಮರಳು ಹಾಕೋದಾದರೆ ಈ ಎತ್ತರಕ್ಕೆ 9 ಇಂಚು ಆಳ ಬೇಕು. ಇಷ್ಟನ್ನೂ ಮಾಡೆಲ್‌ನಲ್ಲಿ ಇಟ್ಟು ತೋರಿಸಿದರೆ "ಜೋಕಾಲಿನೂ ಇರಲಿ, ಸೀಸಾನೂ ಇರಲಿ" ಅನ್ನುವವರು ತಾವೇ ಒಂದನ್ನು ಬಿಡುತ್ತಾರೆ.

ಈಗ ಅಟ್ಟದ ಕಂಬಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಕಂಬಿಗಳ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ 9 ಇಂಚಿಗಿಂತ ಜಾಸ್ತಿ ಇರಬೇಕು. ನಡುವಿನ ಅಳತೆ ಅಪಾಯ. ಮಗುವಿನ ಕಾಲು, ಸೊಂಟ, ಮೈ ಎಲ್ಲ ತೂರಿಬಿಡುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಕಾಲು ನೆಲಕ್ಕೆ ಎಟುಕದೆ ಮಗು ಕತ್ತಿನಲ್ಲಿ ನೇತಾಡುತ್ತದೆ. ನಾಲ್ಕು ಇಂಚು ನೋಡೋಕೆ ಚಿಕ್ಕ ಸಂದು, ಆದರೆ ಅದು ಸರಿಯಾಗಿ ಈ ಅಪಾಯದ ಒಳಗೇ ಬರುತ್ತದೆ.

ಮೂರಡಿ ಉದ್ದದ ಅಟ್ಟಕ್ಕೆ ಒಂದು ಇಂಚು ದಪ್ಪದ ಪೈಪ್ ಹಾಕುತ್ತೀರಿ ಅಂದುಕೊಳ್ಳಿ. ಒಂದು ಕಂಬಿ ಮಾಡಿ, ಅದನ್ನು ಕಾಂಪೊನೆಂಟ್ ಮಾಡಿ, ಅಂದರೆ ಒಂದನ್ನು ತಿದ್ದಿದರೆ ಅದರ ಕಾಪಿಗಳೆಲ್ಲ ತಿದ್ದಿಕೊಳ್ಳುವ ತುಂಡು. ಮೂವ್ ಟೂಲ್‌ನಲ್ಲಿ ಕಂಟ್ರೋಲ್ ಒತ್ತಿ ಇನ್ನೊಂದು ತುದಿಗೆ ಕಾಪಿ ಎಳೆಯಿರಿ. ಆಮೇಲೆ ಏನನ್ನೂ ಮುಟ್ಟದೆ ಓರೆಗೆರೆ (/) ಹಾಕಿ 7 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನಡುವೆ ಸಮನಾಗಿ ಕಂಬಿಗಳು ನಿಲ್ಲುತ್ತವೆ. ಅಳೆದು ನೋಡಿ, ಸಂದು ನಾಲ್ಕು ಇಂಚು. ಕೂಡಲೇ ಮತ್ತೆ ಓರೆಗೆರೆ ಹಾಕಿ 8 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಈಗ ಸಂದು ಮೂರೂವರೆಗಿಂತ ಒಂಚೂರು ಕಮ್ಮಿ. ಒಂದೇ ಒಂದು ಕಂಬಿ ಜಾಸ್ತಿ ಆಯಿತು, ಅಷ್ಟೇ. ನಾಳೆ ಪೈಪಿನ ದಪ್ಪ ಬದಲಾದರೆ ಒಂದು ಕಂಬಿ ತಿದ್ದಿದರೆ ಸಾಕು, ಎಲ್ಲವೂ ಬದಲಾಗುತ್ತವೆ. ಸಂದು ಮಾತ್ರ ಮತ್ತೆ ಅಳೆಯಿರಿ. ಕಾಂಪೊನೆಂಟ್ ಯಾಕೆ ಬೇಕು ಅಂತ ಇಷ್ಟು ಚೆನ್ನಾಗಿ ತಿಳಿಸುವ ಪಾಠ ನಾನು ಬೇರೆಲ್ಲೂ ನೋಡಿಲ್ಲ.

ಬಿಸಿಲಿನ ವಿಷಯಕ್ಕೆ ಬರೋಣ. ಸ್ಟೀಲ್ ಜಾರುಬಂಡೆಯನ್ನು ಉತ್ತರಕ್ಕೆ ಮುಖ ಮಾಡಿ ಇಡಿ ಅಂತ ಹೊರಗಿನ ಪುಸ್ತಕಗಳಲ್ಲಿ ಇರುತ್ತದೆ. ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುವ ಊರುಗಳಿಗೆ ಆ ಮಾತು ಸರಿ. ಹಾಸನ ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನಕ್ಕೆ ಉತ್ತರದ ಕಡೆಗೇ ವಾಲಿರುತ್ತಾನೆ. ಹಾಗಾಗಿ ದಿಕ್ಕು ನಂಬಿಕೊಂಡರೆ ಆಗಲ್ಲ, ಮರ ಬೇಕು. ಮಾಡೆಲ್‌ಗೆ ಊರಿನ ಸ್ಥಳ ಕೊಟ್ಟು ನೆರಳು ಆನ್ ಮಾಡಿ, ತಿಂಗಳು ಮತ್ತು ಗಂಟೆ ಜರುಗಿಸಿ ನೋಡಿ. ಹೊಂಗೆ ಮರದ ನೆರಳು ಮಾರ್ಚ್‌ನಲ್ಲಿ ಊಟದ ಬಿಡುವಿನ ಹೊತ್ತಿಗೆ ಎಲ್ಲಿ ಬೀಳುತ್ತದೆ, ಮೂರೂವರೆಗೆ ಎಲ್ಲಿಗೆ ಸರಿಯುತ್ತದೆ? ಜಾರುಬಂಡೆಯ ಜಾಗವನ್ನು ಆ ನೆರಳೇ ಹೇಳಲಿ.

ಇನ್ನೊಂದು ಸಣ್ಣ ಕೆಲಸ. ಪೊಸಿಷನ್ ಕ್ಯಾಮೆರಾ ಟೂಲ್ ತಗೊಂಡು ನೆಲದ ಮೇಲೆ ಒತ್ತಿ ಕಣ್ಣಿನ ಎತ್ತರ ಮೂರಡಿ ಅಂತ ಕೊಡಿ. ನಮಗೆ ಮೊಣಕಾಲಿಗೆ ಬರುವ ಕಟ್ಟೆ ಆಗ ಎಷ್ಟು ಎತ್ತರ ಕಾಣುತ್ತದೆ ನೋಡಿ. ಶಾಲೆಯ ಟೀಚರ್‌ಗೆ ನಾನು ಮೊದಲು ತೋರಿಸಿದ್ದು ಇದೇ ನೋಟ.

ಮಾಡೆಲ್‌ನಲ್ಲಿ ಕೂಡಿಬಂದದ್ದೆಲ್ಲ ಕೈಯಲ್ಲಿ ಕೂಡಿಬರುತ್ತದೆ ಅಂತಿಲ್ಲ. ಅದಕ್ಕೇ ಬೇಗ ವೆಲ್ಡಿಂಗ್ ಅಂಗಡಿಗೆ ಹೋಗಿ. ನಾನು ಮೊಬೈಲ್‌ನಲ್ಲಿ ಮಾಡೆಲ್ ತಿರುಗಿಸಿ ತೋರಿಸಿದಾಗ ಅಲ್ಲಿನ ಅಣ್ಣ ಮೂರು ಪೈಪ್ ಸೇರುವ ಮೂಲೆಗೆ ಬೆರಳಿಟ್ಟು, "ಮೇಡಂ, ಇಲ್ಲಿ ರಾಡ್ ಒಳಗೆ ಹೋಗಲ್ಲ. ಇದೊಂದು ಪೈಪ್ ಎರಡಿಂಚು ಆ ಕಡೆ ತಳ್ಳಿ" ಅಂದರು. ಕೂತಲ್ಲೇ ತಳ್ಳಿ ತೋರಿಸಿದೆ. ಇಂಥ ಪಾಠ ಯಾವ ವಿಡಿಯೋದಲ್ಲೂ ಸಿಗಲ್ಲ.

ಸ್ಕೆಚ್‌ಅಪ್‌ನ ರೆಡಿ ಮಾಡೆಲ್‌ಗಳ ಆನ್‌ಲೈನ್ ಭಂಡಾರ 3ಡಿ ವೇರ್‌ಹೌಸ್‌ನಲ್ಲಿ ಜಾರುಬಂಡೆ, ಜೋಕಾಲಿ ಬೇಕಾದಷ್ಟಿವೆ. ತಂದು ತುಂಬಬೇಡಿ. ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ 1978ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 700ಕ್ಕೂ ಹೆಚ್ಚು ಆಟದ ಜಾಗ ಮಾಡಿದರು. ಅವುಗಳಲ್ಲಿ ಇದ್ದದ್ದು ಮರಳಿನ ಗುಂಡಿ, ಕಬ್ಬಿಣದ ಕಂಬಿ, ಜಿಗಿಯಲು ಗುಂಡು ಕಲ್ಲು, ಇಂಥವೇ. ಉಳಿದದ್ದು ಖಾಲಿ. ನಮ್ಮ ಮಕ್ಕಳಿಗೂ ಕುಂಟೆಬಿಲ್ಲೆಗೆ, ಲಗೋರಿಗೆ ಖಾಲಿ ನೆಲವೇ ಬೇಕು ಅಲ್ವಾ? ಅದನ್ನೂ ಮಾಡೆಲ್‌ನಲ್ಲಿ ಗೆರೆ ಹಾಕಿ ಗುರುತಿಸಿ, ಇಲ್ಲಾಂದ್ರೆ ಯಾರಾದರೂ ಅಲ್ಲೊಂದು ಸೀಸಾ ತಂದು ಕೂರಿಸುತ್ತಾರೆ.

ಬ್ಲೆಂಡರ್ ಅನ್ನೋ ಇನ್ನೊಂದು 3ಡಿ ಸಾಫ್ಟ್‌ವೇರ್ ಆಗಲ್ವಾ ಅಂತಲೂ ಕೇಳುತ್ತಾರೆ. ಆಗುತ್ತದೆ, ಪೂರ್ತಿ ಉಚಿತ ಕೂಡ. ಆದರೆ ಕೈ ಕೂರೋಕೆ ಹೆಚ್ಚು ದಿನ ಬೇಕು. ಸ್ಕೆಚ್‌ಅಪ್‌ನ ಉಚಿತ ಆವೃತ್ತಿ ಬ್ರೌಸರ್‌ನಲ್ಲೇ ಓಡುತ್ತದೆ. ಅದು ಸ್ವಂತ ಬಳಕೆಗೆ ಮಾತ್ರ, ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಅಲ್ಲ. ಕಲಿಯೋಕೆ ಅಷ್ಟು ಸಾಕು.

ಹತ್ತಿರದ ಶಾಲೆಯ ಹೆಡ್‌ಮಾಸ್ಟರನ್ನೋ ಅಂಗನವಾಡಿ ಟೀಚರನ್ನೋ ಕೇಳಿ ನೋಡಿ, ಅಳತೆ ತಗೊಳ್ಳೋಕೆ ಬೇಡ ಅನ್ನುವವರು ಕಡಿಮೆ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.